ಕೋಕೋ ಹುರಿದ ಯಂತ್ರದಲ್ಲಿ ಕಾಫಿ ಹುರಿಯಬಹುದೆ?

ಕಾಫಿಗೂ ಕೋಕೋಗೂ ಹುರಿಯುವುದೇ ಜೀವ. ಹಸಿ ಕಾಫಿ ಬೀಜಕ್ಕೆ ಹುಲ್ಲಿನ ವಾಸನೆ. ಹುದುಗಿಸಿ ಒಣಗಿಸಿದ ಕೋಕೋ ಬೀಜಕ್ಕೆ ಹುಳಿ, ಕಹಿ, ಒಗರು. ನಾವು ಮೆಚ್ಚುವ ಪರಿಮಳ ಹುಟ್ಟುವುದು ಬೆಂಕಿ ತಾಗಿದ ಮೇಲೆಯೇ. ಹಾಗಾಗಿ ಎರಡರ ಯಂತ್ರಗಳೂ ದಾಯಾದಿಗಳಿದ್ದಂತೆ.

ಮೊದಲು ಇದ್ದದ್ದು ಬಾಣಲೆ. ನಾವು ದುಡಿಯುತ್ತಿರುವ ಈ ಕೊಲ್ಲಿ ನಾಡಿನಲ್ಲಿ ಉದ್ದ ಹಿಡಿಯ ಕಬ್ಬಿಣದ ಬಾಣಲೆಯಲ್ಲಿ ಕಾಫಿ ಹುರಿಯುವುದು ಹಳೆಯ ಪದ್ಧತಿ. ಅರೇಬಿಕ್ ಕಾಫಿಯ ಆತಿಥ್ಯವನ್ನು ಯುನೆಸ್ಕೋ 2015ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮಲೆನಾಡಿನ ಮನೆಗಳಲ್ಲಿ ಕೆಂಡದ ಮೇಲೆ ಕೈಯಲ್ಲಿ ತಿರುಗಿಸುವ ತಗಡಿನ ಉರುಳೆ ಇತ್ತು.

ಕಾರ್ಖಾನೆಯ ಯಂತ್ರ ಬಂದದ್ದು 19ನೇ ಶತಮಾನದಲ್ಲಿ. 1846ರಲ್ಲಿ ಅಮೆರಿಕದ ಬಾಸ್ಟನ್‌ನ ಜೇಮ್ಸ್ ಕಾರ್ಟರ್ ಒಲೆಯಿಂದ ಹೊರಕ್ಕೆ ಎಳೆಯಬಹುದಾದ ಉರುಳೆಗೆ ಪೇಟೆಂಟ್ ಪಡೆದ. 1864ರಲ್ಲಿ ನ್ಯೂಯಾರ್ಕಿನ ಜೇಬಜ್ ಬರ್ನ್ಸ್, ಉರುಳೆಯನ್ನು ಬೆಂಕಿಯ ಮೇಲಿಂದ ತೆಗೆಯದೆಯೇ ಬೀಜ ಸುರಿಯುವ ಉಪಾಯ ಮಾಡಿದ. 1868ರಲ್ಲಿ ಜರ್ಮನಿಯ ಎಮ್ಮೆರಿಕ್ ಊರಿನಲ್ಲಿ ಮುಂದೆ ಪ್ರೊಬಾಟ್ ಎಂದು ಹೆಸರಾದ ಸಂಸ್ಥೆ ಶುರುವಾಯಿತು. ಅದರ ಆರಂಭದ ಯಂತ್ರಗಳಲ್ಲಿ ಒಂದು, ಬೆಂಕಿಯ ಮೇಲೆ ತಿರುಗುವ ಕಬ್ಬಿಣದ ಗೋಲ. ಲುಡ್‌ವಿಗ್ಸ್‌ಬರ್ಗಿನ ಬಾರ್ಟ್ ಕಂಪನಿಯೂ ಗೋಲದ ಹುರಿಯಂತ್ರ ಮಾಡಿ, ಸಹಾರಾದ ಬಿಸಿಗಾಳಿಯ ಹೆಸರನ್ನೇ ಇಟ್ಟಿತು: ಸಿರೊಕ್ಕೊ. ಅದರಲ್ಲಿ ಕೋಕೋ, ಕಾಫಿ, ಬೀಜಕಾಯಿಗಳನ್ನೆಲ್ಲ ಹುರಿಯುತ್ತಿದ್ದರು. ದೊಡ್ಡ ಕಾರ್ಖಾನೆಗಳು ಹೊಸ ಯಂತ್ರಗಳಿಗೆ ಹೋದಾಗ ಹಳೆಯವು ಮೂಲೆ ಸೇರಿದವು. ಈಚಿನ ದಶಕಗಳಲ್ಲಿ ಸಣ್ಣ ಚಾಕೊಲೇಟ್ ತಯಾರಕರು, ಕಾಫಿ ಹುರಿಯುವವರು ಅವನ್ನು ಹುಡುಕಿ ತಂದು ದುರಸ್ತಿ ಮಾಡಿಸುತ್ತಿದ್ದಾರೆ.

ನಮ್ಮಲ್ಲಿ ಎಷ್ಟೋ ಮಂದಿಗೆ ಊರಿಗೆ ಮರಳಿ ಸಣ್ಣ ಕಾಫಿ ಪುಡಿ ಉದ್ಯಮ ಮಾಡುವ ಆಸೆ ಇದೆ. ಕೋಕೋ ನಮಗೂ ಹೊಸತಲ್ಲ. ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಆದ್ದರಿಂದ ಹಳೆಯ ಕೋಕೋ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ವರ್ಷಗಟ್ಟಲೆಯ ಉಳಿತಾಯ ಸುರಿಯುವ ಮೊದಲು ಕೆಲವು ಮಾತು ತಿಳಿದಿರಲಿ.

ಮೊದಲನೆಯದು ಶಾಖ. ಕೋಕೋ ಬೀಜ ಸುಮಾರು 120ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಹುರಿಯುತ್ತದೆ. ಸಿಪ್ಪೆ ಸಡಿಲವಾದರೆ ಸಾಕು. ಕಾಫಿ 200 ಡಿಗ್ರಿಯ ಹತ್ತಿರ ಚಟಪಟ ಸಿಡಿಯುತ್ತದೆ. ಕಪ್ಪಾಗಿ ಹುರಿದರೆ 220 ದಾಟುತ್ತದೆ. ಕಡಿಮೆ ಶಾಖಕ್ಕೆ ಹೊಂದಿಸಿದ ಒಲೆಯಲ್ಲಿ ಕಾಫಿ ಹುರಿಯದೆ ಬೇಯುತ್ತದೆ, ರುಚಿ ಸಪ್ಪೆ.

ಎರಡನೆಯದು ತಣಿಸುವುದು. ಕಾಫಿ ಇಳಿಸಿದ ಮೇಲೂ ಒಳಗಿನ ಬಿಸಿಯಿಂದ ಹುರಿಯುತ್ತಲೇ ಇರುತ್ತದೆ. ಕೆಲವೇ ನಿಮಿಷಗಳಲ್ಲಿ ತಣಿಸುವ, ಬಲವಾದ ಗಾಳಿಯ ತಟ್ಟೆ ಬೇಕು. ಕಾಫಿಯ ತೆಳು ಹೊಟ್ಟು ಹೊಗೆ ಕೊಳವೆಯಲ್ಲಿ ಕೂತರೆ ಕಿಡಿ ತಾಗಿ ಉರಿಯುತ್ತದೆ. ಅದನ್ನು ಹಿಡಿಯುವ ಬೇರೆ ವ್ಯವಸ್ಥೆ ಇರಬೇಕು.

ಮೂರನೆಯದು ನಮ್ಮ ವೃತ್ತಿಯವರಿಗೆ ತಕ್ಷಣ ಹೊಳೆಯುವಂಥದ್ದು: ಶುದ್ಧತೆ. ಔಷಧಾಲಯದಲ್ಲಿ ಒಂದು ಔಷಧಿ ಅರೆದ ಖಲ್ಲಿನಲ್ಲಿ ತೊಳೆಯದೆ ಇನ್ನೊಂದನ್ನು ಅರೆಯುವುದಿಲ್ಲ. ಸಿಪ್ಪೆ ತೆಗೆದ ಕೋಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬು. ಹಳೆಯ ಯಂತ್ರದ ಸಂದಿಗಳಲ್ಲಿ ಅದು ಕಮಟಿ ಕೂತಿರುತ್ತದೆ, ಹೆಚ್ಚಿನ ಶಾಖಕ್ಕೆ ಹೊಗೆಯಾಡಿ ಕಾಫಿಗೆ ಹತ್ತುತ್ತದೆ. ಕಡಲೆಕಾಯಿ, ಬಾದಾಮಿ ಹುರಿದ ಯಂತ್ರವಾದರೆ ಅಲರ್ಜಿ ಇರುವವರಿಗೆ ಅಪಾಯ. ಹಳೆಯ ಯಂತ್ರಗಳ ಶಾಖ ತಡೆಯುವ ಹೊದಿಕೆಯಲ್ಲಿ ಕಲ್ನಾರು, ಬಣ್ಣದಲ್ಲಿ ಸೀಸ ಇರುವ ಸಂಭವವೂ ಉಂಟು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹತ್ತಾರು ವರ್ಷಗಳ ಬಳಿಕವೂ ಕ್ಯಾನ್ಸರ್ ಬರಬಹುದು. ಪರೀಕ್ಷೆ ಮಾಡಿಸದೆ ಹೊದಿಕೆಯನ್ನು ಕೆರೆಯಬಾರದು, ಒಡೆಯಬಾರದು.

ಲೆಕ್ಕದ ಮಾತೂ ಇದೆ. 100 ಕಿಲೋ ಹಸಿ ಕಾಫಿ ಹುರಿದರೆ ಉಳಿಯುವುದು ಸುಮಾರು 80ರಿಂದ 88 ಕಿಲೋ. ಒಲೆ ಬದಲಾವಣೆ, ತಣಿಸುವ ತಟ್ಟೆ, ಕೊಳವೆ, ಸ್ವಚ್ಛತೆಯ ಖರ್ಚು ಕೂಡಿಸಿದರೆ ಅಗ್ಗದ ಯಂತ್ರ ಅಗ್ಗವಾಗಿ ಉಳಿಯದು.

ಹಾಗೆಂದು ಹಳೆಯದೆಲ್ಲ ಬೇಡವೆಂದಲ್ಲ. ದಪ್ಪ ಎರಕದ ಕಬ್ಬಿಣ ಶಾಖವನ್ನು ಹಿಡಿದಿಟ್ಟು ಸಮವಾಗಿ ಕೊಡುತ್ತದೆ. ಸರಳ ಗಿಯರುಗಳನ್ನು ಊರಿನ ಲೇಥ್ ಅಂಗಡಿಯಲ್ಲೇ ಸರಿಮಾಡಿಸಬಹುದು. ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದು, ನಮ್ಮ ಎದುರಿಗೇ ಕಾಫಿ ಹುರಿದು ತೋರಿಸಿದ ಮೇಲೆ ಮುಂಗಡ ಕೊಡೋಣ. ಬೆವರು ಸುರಿಸಿ ಗಳಿಸಿದ ದುಡ್ಡಿಗೆ ಅಷ್ಟಾದರೂ ಕಾವಲು ಬೇಕು.