ಅತಿಥಿಗಳಿಗೆ ದೊರೆತ ನೆಲ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಕುಶಾಲನಗರ ಇನ್ನೇನು ಬಂತು ಎನ್ನುವಷ್ಟರಲ್ಲಿ ಎಡಕ್ಕೆ ತಿರುಗಿದರೆ ಬೈಲಕುಪ್ಪೆಯ ಟಿಬೆಟನ್ ಶಿಬಿರಗಳು ಸಿಗುತ್ತವೆ. ಪ್ರವಾಸಿಗರು ಅಲ್ಲಿನ ಬಂಗಾರದ ಬಣ್ಣದ ಬುದ್ಧನ ಮೂರ್ತಿಗಳನ್ನು ನೋಡಿ ಮರಳುತ್ತಾರೆ. ಆದರೆ ಆ ಗುಡಿಯ ಸುತ್ತಲಿನ ಜೋಳದ ಹೊಲಗಳಿಗೂ ಒಂದು ಚರಿತ್ರೆ ಇದೆ. ಸರ್ಕಾರ, ಸ್ವಯಂಸೇವಾ ಸಂಸ್ಥೆಗಳು ಮತ್ತು ನಿರಾಶ್ರಿತರು ಸೇರಿ ಒಂದು ಜನಾಂಗಕ್ಕೆ ಮತ್ತೆ ನೆಲೆ ಒದಗಿಸಿದ ಚರಿತ್ರೆ ಅದು.

1959ರ ಮಾರ್ಚ್ ಕೊನೆಯಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಮುಂತಾದೆಡೆ ತಾತ್ಕಾಲಿಕ ಶಿಬಿರಗಳು ಎದ್ದವು. ಚಳಿಯ ನಾಡಿನಿಂದ ಬಂದವರು ಬಿಸಿಲಿಗೆ, ಕಾಯಿಲೆಗಳಿಗೆ ತತ್ತರಿಸಿದರು. ಅನೇಕರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸಕ್ಕೆ ಸೇರಿದರು.

ಹೊರದೇಶಗಳಿಂದ ಬರುವ ನೆರವನ್ನು ಸರ್ಕಾರ ನೇರವಾಗಿ ಪಡೆಯುವುದು ರಾಜತಾಂತ್ರಿಕವಾಗಿ ಸೂಕ್ಷ್ಮ ವಿಷಯವಾಗಿತ್ತು. ಹಾಗಾಗಿ ಟಿಬೆಟನ್ನರಿಗಾಗಿ ಕೇಂದ್ರ ಪರಿಹಾರ ಸಮಿತಿಯೊಂದು ರೂಪುಗೊಂಡಿತು. ಅದರ ಅಧ್ಯಕ್ಷರು ಆಚಾರ್ಯ ಜೆ. ಬಿ. ಕೃಪಲಾನಿ. ನೆಹರೂ ಅವರ ಚೀನಾ ನೀತಿಯನ್ನು ಕಟುವಾಗಿ ಟೀಕಿಸುತ್ತಿದ್ದ ವಿರೋಧ ಪಕ್ಷದ ನಾಯಕರೇ ಈ ಹೊಣೆ ಹೊತ್ತದ್ದು ಗಮನಾರ್ಹ. ಸಮಿತಿ ಅಧಿಕೃತವಲ್ಲ, ಆದರೆ ಸರ್ಕಾರದ ಒಪ್ಪಿಗೆ ಇಲ್ಲದೆಯೂ ನಡೆಯುತ್ತಿರಲಿಲ್ಲ. ದಾನಿಗಳಿಗೂ ದೆಹಲಿಯ ಕಚೇರಿಗಳಿಗೂ ನಡುವೆ ಅದು ಸೇತುವೆಯಾಯಿತು.

ಪರಿಹಾರವೇ ಬೇರೆ, ಪುನರ್ವಸತಿಯೇ ಬೇರೆ. ಮೊದಲನೆಯದಕ್ಕೆ ಅಕ್ಕಿ, ಕಂಬಳಿ, ಔಷಧ ಸಾಕು; ಎರಡನೆಯದಕ್ಕೆ ನೆಲ ಬೇಕು. ಟಿಬೆಟನ್ನರು ಚದುರಿಹೋಗದೆ ಒಂದೆಡೆ ಇದ್ದರೆ ಮಾತ್ರ ಅವರ ಭಾಷೆ, ಧರ್ಮ ಉಳಿದಾವು ಎಂಬುದು ದಲೈ ಲಾಮಾ ಅವರ ವಾದವಾಗಿತ್ತು. ನೆಹರೂ ರಾಜ್ಯಗಳಿಗೆ ಪತ್ರ ಬರೆದು ಜಮೀನು ಕೇಳಿದರು. ಉದಾರವಾಗಿ ಮುಂದೆ ಬಂದದ್ದು ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3000 ಎಕರೆ ಕಾಡುಭೂಮಿ ಗೇಣಿಗೆ ದೊರೆತು, 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಬಿ. ಡಿ. ಜತ್ತಿ. ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುವ ಎಸ್. ನಿಜಲಿಂಗಪ್ಪನವರ ಕಾಲದಲ್ಲಿ, 1966ರಲ್ಲಿ, ಉತ್ತರ ಕನ್ನಡದ ಮುಂಡಗೋಡ ಶಿಬಿರ ಆರಂಭವಾಯಿತು. ಮುಂದೆ ಬೈಲಕುಪ್ಪೆಯಲ್ಲೇ ಎರಡನೆಯ ಶಿಬಿರ, ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯದ ಶಿಬಿರಗಳು ಸೇರಿ ಒಟ್ಟು ಐದಾದವು.

ಮೊದಲ ವರ್ಷಗಳು ಸುಲಭದವಾಗಿರಲಿಲ್ಲ. ಯಾಕ್ ಮೇಯಿಸಿದ ಕೈಗಳು ಮರ ಕಡಿದು ನೆಲ ಹಸನು ಮಾಡಬೇಕಿತ್ತು. ಬೆಳೆ ಬಂತೆಂದರೆ ಆನೆ ಬರುತ್ತಿತ್ತು. ಕೆಲಸದ ಹಂಚಿಕೆ ಮಾತ್ರ ಸ್ಪಷ್ಟವಾಗಿತ್ತು. ರಾಜ್ಯ ನೆಲ ಕೊಟ್ಟಿತು. ಕೇಂದ್ರ ಪಡಿತರ, ಮನೆಗಳ ವೆಚ್ಚ ನೋಡಿಕೊಂಡಿತು. ಸ್ವಿಸ್ ನೆರವಿನ ತಜ್ಞರೂ ಇತರ ಸೇವಾಸಂಸ್ಥೆಗಳೂ ಟ್ರ್ಯಾಕ್ಟರು, ಕೃಷಿಜ್ಞಾನ, ಆರೋಗ್ಯ ಸೇವೆ ಒದಗಿಸಿದವು. ಶಿಬಿರದ ಆಡಳಿತ ಟಿಬೆಟನ್ನರದೇ ಆಗಿತ್ತು. ಅವರ ಸಹಕಾರ ಸಂಘವೇ ಬಿತ್ತನೆಯಿಂದ ಮಾರಾಟದವರೆಗೆ ಎಲ್ಲವನ್ನೂ ನಡೆಸಿತು. ನೆರವು ಭಿಕ್ಷೆಯಾಗದೆ ಉಳಿಯಲು ಇದು ಮುಖ್ಯ ಕಾರಣ.

1968ರಲ್ಲಿ ಈ ಕೆಲಸಕ್ಕೆಂದೇ ‘ಮೈರಾಡ’ ಹುಟ್ಟಿತು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದರ ಇಂಗ್ಲಿಷ್ ಹೆಸರಿನ ಹ್ರಸ್ವರೂಪವಿದು. ಸುಮಾರು ಹತ್ತು ವರ್ಷಗಳಲ್ಲಿ ಸುಮಾರು 15,000 ಟಿಬೆಟನ್ನರು ನೆಲೆನಿಲ್ಲಲು ಸರ್ಕಾರದ ಜೊತೆ ಅದು ದುಡಿಯಿತು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಸಂಸ್ಥೆಯ ಹೆಸರಿನಲ್ಲಿ ಹಳೆಯ ಮೈಸೂರು ಉಳಿಯಿತು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಹೊರಗಿನಿಂದ ಬಂದವರಿಗೆ ನೆಲವೂ ನೆರವೂ ದೊರೆಯಿತು. ಪಕ್ಕದ ಹಳ್ಳಿಯ ಭೂಹೀನನ ಗತಿಯೇನು? ಅದೇ ಸೀಮೆಯ ನಾಗರಹೊಳೆ ಕಾಡಿನಿಂದ 1970ರ ದಶಕದಲ್ಲಿ ಹೊರಬಿದ್ದ ಜೇನುಕುರುಬರಿಗೆ ಇಂಥ ಯೋಜನೆ, ಇಂಥ ಹಂಚಿಕೆ ಒದಗಲಿಲ್ಲ. ಅನೇಕರು ಕಾಫಿ ತೋಟಗಳ ಲೈನ್‌ಮನೆ ಸೇರಿದರು. ಇದು ಟಿಬೆಟನ್ನರ ತಪ್ಪಲ್ಲ. ಮನಸ್ಸು ಮಾಡಿದರೆ ಪುನರ್ವಸತಿ ಸಾಧ್ಯ ಎಂಬುದನ್ನು ತೋರಿಸಿಕೊಟ್ಟ ವ್ಯವಸ್ಥೆ, ತನ್ನವರ ವಿಷಯದಲ್ಲಿ ಮನಸ್ಸು ಮಾಡಲಿಲ್ಲ ಎಂಬುದೇ ದೂರು.

ಟಿಬೆಟನ್ನರ ಕೆಲಸ ಮುಗಿದ ಮೇಲೆ ಮೈರಾಡ ಸ್ಥಳೀಯ ಬಡವರತ್ತ ತಿರುಗಿತು. 1980ರ ದಶಕದ ನಡುವಿನಲ್ಲಿ, ಪರಸ್ಪರ ನಂಬಿಕೆಯುಳ್ಳ ಹತ್ತಿಪ್ಪತ್ತು ಜನರ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. 1987ರಲ್ಲಿ ನಬಾರ್ಡ್ ಅದಕ್ಕೆ ಬೆಂಬಲ ನೀಡಿತು. 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡುವ ಯೋಜನೆ ದೇಶದಲ್ಲಿ ಶುರುವಾಯಿತು. ನಮ್ಮ ಊರೂರಿನಲ್ಲಿರುವ ಮಹಿಳಾ ಸ್ವಸಹಾಯ ಸಂಘಗಳ ವಂಶವೃಕ್ಷದ ಒಂದು ಬೇರು ಹೀಗೆ ನಿರಾಶ್ರಿತರ ಶಿಬಿರವನ್ನು ಮುಟ್ಟುತ್ತದೆ.

ಆದರೂ ಕಥೆ ಮುಗಿದಿಲ್ಲ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಜಮೀನಿನ ಗೇಣಿ, ಸೌಲಭ್ಯಗಳ ಬಗ್ಗೆ ಕೇಂದ್ರ ಸರ್ಕಾರ ಪುನರ್ವಸತಿ ನೀತಿ ಪ್ರಕಟಿಸಿದ್ದು 2014ರಲ್ಲಿ, ಮೊದಲ ತಂಡ ಬಂದು ಅರ್ಧ ಶತಮಾನ ಕಳೆದ ಮೇಲೆ. ಅಲ್ಲಿಯವರೆಗೆ ಕಾನೂನಿನ ಕೊರತೆಯನ್ನು ತುಂಬಿದ್ದು ಅಧಿಕಾರಿಗಳ ಸಹಾನುಭೂತಿ, ಸಂಸ್ಥೆಗಳ ಶ್ರಮ. ಅವು ಇದ್ದದ್ದು ಬೈಲಕುಪ್ಪೆಯ ಭಾಗ್ಯ. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲವಾದ್ದರಿಂದಲೇ ಕಾನೂನು ಬೇಕಾಗುತ್ತದೆ.