ಈಟಿ ಯಾರದು, ಕೋಟೆ ಯಾರದು? – ಜಾಲತಾಣ ವಿನ್ಯಾಸದ ಒಂದು ಚಿಕ್ಕ ಇತಿಹಾಸ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಜಾಲತಾಣಗಳನ್ನು ರೂಪಿಸುವ ವೃತ್ತಿಯಲ್ಲಿದ್ದಾರೆ. ಇನ್ನು ಕೆಲವರು ತಮ್ಮ ಅಂಗಡಿಗೋ ಸಂಘಕ್ಕೋ ಜಾಲತಾಣ ಮಾಡಿಸಲು ಅಂಥವರನ್ನು ಹುಡುಕುತ್ತಿರುತ್ತಾರೆ. ಮಾಡುವವರಿಗೂ ಮಾಡಿಸುವವರಿಗೂ ನಡುವೆ ಹುಟ್ಟುವ ವ್ಯಾಜ್ಯಗಳು ಆಗಾಗ ನನ್ನ ಕಿವಿಗೂ ಬೀಳುತ್ತವೆ. ಬದುಕೆಲ್ಲ ಇತಿಹಾಸದ ಪಾಠ ಹೇಳಿದವನಿಗೆ ಯಾವ ವ್ಯಾಜ್ಯವನ್ನು ಕಂಡರೂ ಅದರ ಹಿಂದಿನ ಕಥೆಯನ್ನು ಕೆದಕುವ ಚಪಲ. ಈ ಲೇಖನ ಆ ಚಪಲದ ಫಲ.

‘ಫ್ರೀಲ್ಯಾನ್ಸ್’ ಎಂಬ ಪದದಿಂದಲೇ ಆರಂಭಿಸೋಣ. ‘ಲ್ಯಾನ್ಸ್’ ಎಂದರೆ ಕುದುರೆ ಸವಾರನ ಉದ್ದನೆಯ ಈಟಿ. ವಾಲ್ಟರ್ ಸ್ಕಾಟ್ 1819ರಲ್ಲಿ ಪ್ರಕಟಿಸಿದ ‘ಐವನ್ಹೋ’ ಕಾದಂಬರಿಯಲ್ಲಿ, ಒಬ್ಬನೇ ಒಡೆಯನಿಗೆ ಅಂಟಿಕೊಳ್ಳದೆ ಹಣ ಕೊಟ್ಟವರ ಪರವಾಗಿ ಕಾದುವ ಯೋಧರ ವಿಷಯದಲ್ಲಿ ಈ ಮಾತು ಬರುತ್ತದೆ. ಮುಂದೆ ಅದು ಪತ್ರಕರ್ತರಿಗೂ ಚಿತ್ರಕಾರರಿಗೂ ಅನ್ವಯವಾಗಿ, ಕೊನೆಗೆ ಮನೆಯಲ್ಲೇ ಕುಳಿತು ಜಾಲತಾಣ ಹೆಣೆಯುವ ತರುಣ ತರುಣಿಯರವರೆಗೂ ಬಂದಿತು. ಯುದ್ಧ ಮುಗಿದ ಮೇಲೆ ಈಟಿ ಯೋಧನದು, ಕೋಟೆ ಒಡೆಯನದು; ಅದರಲ್ಲಿ ತಕರಾರಿಲ್ಲ. ಆದರೆ ಜಾಲತಾಣದಲ್ಲಿ ಈಟಿ ಯಾವುದು, ಕೋಟೆ ಯಾವುದು ಎಂಬುದೇ ಬಹುಕಾಲ ಯಾರಿಗೂ ಸ್ಪಷ್ಟವಿರಲಿಲ್ಲ.

ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ಜಾಲದ ಪ್ರಸ್ತಾವವನ್ನು ಮುಂದಿಟ್ಟಾಗ ವಿನ್ಯಾಸಕನೆಂಬ ಪಾತ್ರವೇ ಅದರಲ್ಲಿರಲಿಲ್ಲ. ವಿಜ್ಞಾನಿಗಳು ತಮ್ಮ ಬರಹಗಳನ್ನು ಹಂಚಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು. 1993ರಲ್ಲಿ ಸರ್ನ್ ಈ ತಂತ್ರಜ್ಞಾನವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಬಂದ ಮೊಸಾಯಿಕ್ ಎಂಬ ಬ್ರೌಸರ್ ಬರಹದ ಪಕ್ಕದಲ್ಲಿಯೇ ಚಿತ್ರವನ್ನೂ ತೋರಿಸಿತು. ಚಿತ್ರ ಬಂದೊಡನೆ ಅಲಂಕಾರ ಬಂದಿತು, ಅಲಂಕಾರ ಬಂದೊಡನೆ ಅದನ್ನು ಬಲ್ಲವರ ವೃತ್ತಿ ಹುಟ್ಟಿತು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಜನಸಾಮಾನ್ಯರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು.

ಆ ಮೊದಲ ವರ್ಷಗಳ ವಿನ್ಯಾಸಕರ ಪಾಡು ಕಷ್ಟದ್ದೇ. ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್‌ಗಳ ಪೈಪೋಟಿಯಲ್ಲಿ, ಒಂದರಲ್ಲಿ ಚೆಂದ ಕಂಡ ಪುಟ ಇನ್ನೊಂದರಲ್ಲಿ ಸೊಟ್ಟಗಾಗುತ್ತಿತ್ತು. ಲೆಕ್ಕಪಟ್ಟಿಗೆಂದು ಇದ್ದ ಕೋಷ್ಟಕಗಳನ್ನೇ ಗೋಡೆಗಳಂತೆ ನಿಲ್ಲಿಸಿ ಪುಟ ಕಟ್ಟುತ್ತಿದ್ದರು. ಹೋಕನ್ ಲೀ ಎಂಬವರು 1994ರಲ್ಲಿ ಸೂಚಿಸಿದ, 1996ರ ಡಿಸೆಂಬರಿನಲ್ಲಿ ಮಾನಕವಾದ ಸಿ.ಎಸ್.ಎಸ್. ಎಂಬ ಕ್ರಮ, ಬರಹವನ್ನೂ ಅದರ ಉಡುಪನ್ನೂ ಬೇರ್ಪಡಿಸಿತು. 2003ರಲ್ಲಿ ಡೇವ್ ಶೇ ಅವರು ‘ಸಿ.ಎಸ್.ಎಸ್. ಝೆನ್ ಗಾರ್ಡನ್’ ಎಂಬ ತಾಣದಲ್ಲಿ ಒಂದೇ ಬರಹಕ್ಕೆ ಬೇರೆಬೇರೆ ವಿನ್ಯಾಸಕರಿಂದ ಬೇರೆಬೇರೆ ಉಡುಪು ತೊಡಿಸಿ ತೋರಿಸಿದರು. ಉಡುಪು ಎಷ್ಟು ಸಲ ಬದಲಾದರೂ ಮೈ ಉಳಿಯಬೇಕೆಂಬುದೇ ಅದರ ತತ್ತ್ವ.

ಕನ್ನಡದ ಮಟ್ಟಿಗೆ ಉಳಿಯದೆ ಹೋದದ್ದು ಆ ಮೈಯೇ. ಯೂನಿಕೋಡಿನಲ್ಲಿ ನಮ್ಮ ಲಿಪಿಗೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ವಿಂಡೋಸ್ ಗಣಕಗಳಲ್ಲಿ ಅದು ನಡೆಯತೊಡಗಿದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. ಅಲ್ಲಿಯವರೆಗೆ, ಅನಂತರವೂ ಕೆಲವು ವರ್ಷ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳೇ ಗತಿ. ಗಣಕಕ್ಕೆ ಅದು ಕನ್ನಡವೆಂದೇ ತಿಳಿಯುತ್ತಿರಲಿಲ್ಲ. ಆ ಫಾಂಟು ಇದ್ದಲ್ಲಿ ‘ಶಾಲೆ’ ಎಂದು ಕಾಣುವುದು, ಇಲ್ಲದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು.

ಇದರ ಪರಿಣಾಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. 2002ರಲ್ಲಿ ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದವರು ಜಾಲತಾಣವೊಂದನ್ನು ಸ್ವತಂತ್ರ ವಿನ್ಯಾಸಕರೊಬ್ಬರಿಗೆ ಒಪ್ಪಿಸಿದರು. ಪಠ್ಯ ಒದಗಿಸುವ ಕೆಲಸ ನನ್ನ ಪಾಲಿಗೆ ಬಂದಿತು. ನಾನು ಹಿರಿಯರ ಮನೆಗಳಿಗೆ ಹೋಗಿ, ಸ್ವಾತಂತ್ರ್ಯಪೂರ್ವದ ಉಪಾಧ್ಯಾಯರ ವೃತ್ತಾಂತಗಳನ್ನು ಅವರ ಬಾಯಿಂದ ಕೇಳಿ ಬರೆದುಕೊಟ್ಟೆ. ವಿನ್ಯಾಸಕರು ಶ್ರದ್ಧಾವಂತರು. ಒಂದು ಒತ್ತಕ್ಷರ ತಪ್ಪಿದರೂ ದೂರವಾಣಿಯಲ್ಲಿ ಕೇಳಿ ತಿದ್ದುತ್ತಿದ್ದರು. ಊರಿನ ಸೈಬರ್ ಕೆಫೆಗಳಲ್ಲೆಲ್ಲ ವಿಂಡೋಸ್ 98 ಇದ್ದ ಕಾಲದಲ್ಲಿ ಅವರು ಹಳೆಯ ಬಗೆಯ ಫಾಂಟನ್ನು ಆರಿಸಿದ್ದನ್ನು ತಪ್ಪೆನ್ನಲಾರೆ. ಆದರೆ ತಾಣದ ಹೆಸರನ್ನು ಅವರು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿದ್ದರು. ಕೆಲವು ವರ್ಷಗಳ ಮೇಲೆ ವೃತ್ತಿ ಬದಲಿಸಿ ಪರದೇಶಕ್ಕೆ ಹೋದರು. ನವೀಕರಣದ ಹಣ ಸಂದಾಯವಾಗದೆ ಹೆಸರು ಕೈತಪ್ಪಿತು, ತಾಣ ಅಳಿಯಿತು. ಒಂದು ಸಿ.ಡಿ.ಯಲ್ಲಿ ಪ್ರತಿ ಉಳಿದಿತ್ತಾದರೂ ತೆರೆದರೆ ಬರೀ ಚಿಹ್ನೆಗಳು. ಆ ವೃತ್ತಾಂತಗಳನ್ನು ಹೇಳಿದ ಹಿರಿಯರಲ್ಲಿ ಅಷ್ಟರೊಳಗೆ ಬಹುಮಂದಿ ತೀರಿಕೊಂಡಿದ್ದರು. ಮತ್ತೆ ಕೇಳುವುದು ಯಾರನ್ನು? ಶಿಷ್ಯನೊಬ್ಬ ಪರಿವರ್ತಕ ತಂತ್ರಾಂಶದಿಂದ ಹೆಚ್ಚಿನ ಭಾಗವನ್ನು ಯೂನಿಕೋಡಿಗೆ ತಂದುಕೊಟ್ಟ. ಸಿ.ಡಿ.ಯ ಗೀರುಗಳಿಗೆ ಸಿಕ್ಕ ಕೆಲವು ಪುಟಗಳು ಮಾತ್ರ ಮರಳಿ ಬರಲಿಲ್ಲ.

ಕಾನೂನು ಈ ವಿಷಯದಲ್ಲಿ ಏನನ್ನುತ್ತದೆ? 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ ಕೃತಿಯ ಮೊದಲ ಒಡೆಯನು ಸಾಮಾನ್ಯವಾಗಿ ಅದನ್ನು ರಚಿಸಿದವನೇ. ಸಂಬಳದ ನೌಕರ ಕೆಲಸದ ಭಾಗವಾಗಿ ರಚಿಸಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನಿಗೆ ಸೇರುತ್ತದೆ. ಸ್ವತಂತ್ರ ವಿನ್ಯಾಸಕ ಅಂಥ ನೌಕರನಲ್ಲ. ಹಣ ಕೊಟ್ಟ ಮಾತ್ರಕ್ಕೆ ಅವನ ವಿನ್ಯಾಸದ ಹಕ್ಕು ನಮಗೆ ಬಂದಂತಲ್ಲ. 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೇ ಲೆಕ್ಕ. ಹಾಗೆಯೇ ನಾವು ಬರೆದುಕೊಟ್ಟ ಪಠ್ಯದ ಹಕ್ಕು ನಮ್ಮದೇ, ವಿನ್ಯಾಸಕನದಲ್ಲ.

ಆದ್ದರಿಂದ ಈಟಿ ಮತ್ತು ಕೋಟೆಗಳನ್ನು ನಾನು ಹೀಗೆ ವಿಂಗಡಿಸುತ್ತೇನೆ: ವಿನ್ಯಾಸಕನ ಕೌಶಲ, ಅವನ ಉಪಕರಣಗಳು, ಬೇರೆ ಕೆಲಸಗಳಲ್ಲಿಯೂ ಅವನು ಬಳಸುವ ತುಣುಕುಗಳು – ಇವು ಈಟಿ. ತಾಣದ ಹೆಸರು, ಪಠ್ಯ, ಚಿತ್ರಗಳ ಮೂಲಪ್ರತಿ, ಪ್ರವೇಶದ ಗುಪ್ತಪದಗಳು – ಇವು ಕೋಟೆ. ಈ ವಿಂಗಡಣೆಯನ್ನು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದುಕೊಂಡರೆ ಸ್ನೇಹವೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಅದೇ ಹಾಳೆಯಲ್ಲಿ ಹಣ ಯಾವ ಹಂತದಲ್ಲಿ ಎಷ್ಟು, ತಿದ್ದುಪಡಿ ಎಷ್ಟು ಬಾರಿ ಎಂಬುದೂ ಇರಲಿ. ಆಡಿದ ಮಾತಿಗೆ ತಪ್ಪಿ ವಿನ್ಯಾಸಕನ ಹಣವನ್ನು ತಡೆಹಿಡಿಯುವ ಗಿರಾಕಿಗಳೂ ಲೋಕದಲ್ಲಿ ಕಡಿಮೆಯೇನಿಲ್ಲ.

ಈ ಕ್ಷೇತ್ರದಲ್ಲಿ ಯಾವ ಉಪಕರಣವೂ ಶಾಶ್ವತವಲ್ಲ. ಒಂದು ಕಾಲಕ್ಕೆ ಎಲ್ಲೆಲ್ಲೂ ಕುಣಿಯುತ್ತಿದ್ದ ಫ್ಲ್ಯಾಶ್‌ಗೆ ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಮಂಗಳ ಹಾಡಿತು. ಅಸಂಖ್ಯ ಸಾಮಾನ್ಯರ ಪುಟಗಳಿದ್ದ ಜಿಯೋಸಿಟೀಸ್ 2009ರಲ್ಲಿಯೇ ಬಾಗಿಲು ಹಾಕಿತ್ತು. ಇಂದಿನ ಬೆಡಗೂ ಹತ್ತು ವರ್ಷಗಳಲ್ಲಿ ಹಳತಾಗುತ್ತದೆ. ಯೂನಿಕೋಡಿನಲ್ಲಿ ಬರೆದು, ನಮ್ಮದೇ ಬಳಿ ಪ್ರತಿ ಇಟ್ಟುಕೊಂಡ ಸಾದಾ ಕನ್ನಡ ಪಠ್ಯವನ್ನು ಮುಂದೆ ಯಾವ ವಿನ್ಯಾಸಕ ಬಂದರೂ ಹೊಸ ಉಡುಪಿನಲ್ಲಿ ನಿಲ್ಲಿಸಬಲ್ಲ.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಈ ವೃತ್ತಿಯಲ್ಲಿರುವವರು ಕೆಲಸ ಮುಗಿದ ದಿನವೇ ಕೋಟೆಯ ಕೀಲಿಕೈಯನ್ನು ಕೇಳದೆಯೇ ಕೊಟ್ಟುಬಿಡಿ. ಮಾಡಿಸುವವರು ಅದೇ ದಿನ ಬಾಕಿ ಹಣವನ್ನು ಕೇಳಿಸಿಕೊಳ್ಳದೆಯೇ ಕೊಟ್ಟುಬಿಡಿ.