ಬೆಲೆಯೊಳಗೆ ಸೇರದ ವೆಚ್ಚ: ಝರಿಯಾ ಕಲ್ಲಿದ್ದಲು ಕ್ಷೇತ್ರದ ನೆಲದಡಿಯ ಬೆಂಕಿ ಮತ್ತು ಅದರ ಅರ್ಥಶಾಸ್ತ್ರ

ಝಾರ್ಖಂಡದ ಧನಬಾದ್ ಜಿಲ್ಲೆಯಲ್ಲಿ, ಬಹುಪಾಲು ದಾಮೋದರ ನದಿಯ ಉತ್ತರಕ್ಕೆ, ಸುಮಾರು 450 ಚದರ ಕಿಲೋಮೀಟರ್ ಹರಡಿರುವ ಝರಿಯಾ ಕಲ್ಲಿದ್ದಲು ಕ್ಷೇತ್ರವು ಭಾರತದ ಉಕ್ಕು ಉದ್ಯಮಕ್ಕೆ ಉತ್ಕೃಷ್ಟ ದರ್ಜೆಯ ಕೋಕಿಂಗ್ ಕಲ್ಲಿದ್ದಲನ್ನು ಒದಗಿಸುವ ಪ್ರಧಾನ ನೆಲೆಯಾಗಿದೆ. ಗಾಳಿಯ ಸಂಪರ್ಕವಿಲ್ಲದೆ ಕಾಯಿಸಿದಾಗ ಮೆತ್ತಗಾಗಿ, ಬಳಿಕ ಗಟ್ಟಿಯಾದ ರಂಧ್ರಮಯ ಕೋಕ್ ಆಗಿ ನಿಲ್ಲುವ ಕಲ್ಲಿದ್ದಲಿಗೆ ಈ ಹೆಸರಿದ್ದು, ದೊಡ್ಡ ಊದುಕುಲುಮೆಗಳಲ್ಲಿ ಅದಿರಿನ ಭಾರವನ್ನು ಹೊತ್ತು ಉರಿಯುವ ಇಂಧನ ಇದರಿಂದಲೇ ತಯಾರಾಗುತ್ತದೆ. (ಇಂಥ ಕಲ್ಲಿದ್ದಲಿಲ್ಲದ ಮೈಸೂರು ಸಂಸ್ಥಾನವು 1923ರಲ್ಲಿ ಭದ್ರಾವತಿಯ ಕುಲುಮೆಯನ್ನು ಮಲೆನಾಡಿನ ಮರದ ಇದ್ದಿಲಿನಿಂದ ನಡೆಸಬೇಕಾಯಿತು, ಅಲ್ಲಿ ಬೆಲೆ ತೆತ್ತದ್ದು ಕಾಡು.) ಝರಿಯಾದ ಭೌರಾ ಗಣಿಯಲ್ಲಿ 1916ರಲ್ಲಿ ಮೊದಲ ಬಾರಿಗೆ ಬೆಂಕಿ ದಾಖಲಾಯಿತು, ಅಂದಿನಿಂದ ಕ್ಷೇತ್ರದ ಒಂದಲ್ಲ ಒಂದು ಭಾಗ ನೆಲದಡಿಯಲ್ಲಿ ಉರಿಯುತ್ತಲೇ ಇದೆ. ಇದನ್ನು ಪ್ರಕೃತಿಯ ಅನಾಹುತವೆಂದು ಬಣ್ಣಿಸುವ ವಾಡಿಕೆಯಿದ್ದರೂ, ಅಗೆದ ನೆಲವನ್ನು ಮರಳಿ ತುಂಬುವ ವೆಚ್ಚವನ್ನು ಕಲ್ಲಿದ್ದಲಿನ ಬೆಲೆಯೊಳಗೆ ಸೇರಿಸದೆ ಹೋದುದರ ಫಲವೆಂದು ಇದನ್ನು ಓದುವುದೇ ಹೆಚ್ಚು ಸರಿಯೆನಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು ಬಂದ ಮೇಲೆ ಇಲ್ಲಿ ಗಣಿಗಾರಿಕೆ ಭರದಿಂದ ಬೆಳೆಯಿತು. ಭೂಗರ್ಭದ ಹಕ್ಕನ್ನು ಜಮೀನುದಾರರಿಂದ ಗುತ್ತಿಗೆಗೆ ಪಡೆದ ಖಾಸಗಿ ಮಾಲೀಕರು ಕಂಬ ಬಿಟ್ಟು ಅಗೆಯುವ ಪದ್ಧತಿಯನ್ನು ಅನುಸರಿಸಿದರು: ಕಲ್ಲಿದ್ದಲಿನ ಪದರದಲ್ಲಿ ಅಡ್ಡ-ಉದ್ದ ಸುರಂಗಗಳನ್ನು ಕೊರೆದು, ಚಾವಣಿಗೆ ಆಸರೆಯಾಗಿ ನಡುನಡುವೆ ಕಲ್ಲಿದ್ದಲಿನದೇ ಕಂಬಗಳನ್ನು ಉಳಿಸುವುದು, ಕೊನೆಗೆ ಆ ಕಂಬಗಳನ್ನೂ ಕಿತ್ತುಕೊಳ್ಳುವುದು ಇದರ ಕ್ರಮ. ಕಂಬ ಕೀಳುತ್ತ ಹೋದಂತೆ ಹಿಂದೆ ಉಳಿಯುವ ಟೊಳ್ಳಿನೊಳಗೆ ನೀರಿನೊಡನೆ ಮರಳನ್ನು ಹಾಯಿಸಿ ತುಂಬಬೇಕು. ದಾಮೋದರದ ಪಾತ್ರದಲ್ಲಿ ಮರಳಿಗೆ ಕೊರತೆಯಿರಲಿಲ್ಲ, ಆದರೆ ಅದನ್ನು ಸಾಗಿಸಲು ಹಣ ಬೇಕಿತ್ತು. ತುಂಬದೆ ಬಿಟ್ಟಲ್ಲಿ ಚಾವಣಿ ಕುಸಿದು, ನೆಲ ಬಿರಿದು, ಬಿರುಕುಗಳಲ್ಲಿ ಗಾಳಿ ಇಳಿಯಿತು. ಕಲ್ಲಿದ್ದಲು ಸಾಮಾನ್ಯ ಉಷ್ಣತೆಯಲ್ಲೇ ಆಮ್ಲಜನಕವನ್ನು ಹೀರಿ ನಿಧಾನವಾಗಿ ಬಿಸಿಯಾಗುವ ವಸ್ತುವಾಗಿದೆ. ಗಾಳಿ ಧಾರಾಳವಾಗಿ ಬೀಸಿದರೆ ಆ ಬಿಸಿ ಹಾರಿಹೋಗುತ್ತದೆ, ಗಾಳಿಯೇ ಇಲ್ಲದಿದ್ದರೆ ಬಿಸಿ ಹುಟ್ಟುವುದೇ ಇಲ್ಲ. ಕುಸಿದ ಗಣಿಯ ಪುಡಿಗಲ್ಲಿದ್ದಲಿಗೆ ದೊರೆತದ್ದು ಇವೆರಡರ ನಡುವಿನ ಅಳತೆ, ಅಂದರೆ ಉತ್ಕರ್ಷಣೆಗೆ ಸಾಕಾಗುವ ಆದರೆ ತಣಿಸಲು ಸಾಲದ ಗಾಳಿ. ಬಿಸಿ ಕೂಡಿಕೊಳ್ಳುತ್ತ ಹೋಗಿ ಕಲ್ಲಿದ್ದಲು ತಾನಾಗಿ ಹೊತ್ತಿಕೊಳ್ಳುವ ಈ ಕ್ರಿಯೆಯನ್ನು ಸ್ವಯಂದಹನವೆನ್ನುತ್ತಾರೆ. ಬೆಂಕಿಯೇನೋ ಗುತ್ತಿಗೆಯ ಗಡಿಗಳನ್ನು ಲೆಕ್ಕಿಸದೆ ಪದರದ ಗುಂಟ ಹರಿಯಿತು. ಅದನ್ನು ತಡೆಯುವ ಹೊಣೆ ಮಾತ್ರ ಗುತ್ತಿಗೆಗಳ ನಡುವೆ ಹರಿದು ಹಂಚಿಹೋಯಿತು. 1939ರಲ್ಲಿ ವಸಾಹತು ಸರ್ಕಾರ ಮರಳು ತುಂಬುವ ಕೆಲಸಕ್ಕೆಂದೇ ಕಲ್ಲಿದ್ದಲಿನ ಮೇಲೆ ಸುಂಕ ವಿಧಿಸುವ ಕಾಯ್ದೆ ತಂದಿತೆಂಬುದನ್ನು ಗಮನಿಸಿದರೆ, ದೋಷವೂ ಪರಿಹಾರವೂ ಆಗಲೇ ತಿಳಿದಿದ್ದವೆಂದು ಹೇಳಬೇಕಾಗುತ್ತದೆ.

1972ರ ಮೇ 1ರಂದು ಕೋಕಿಂಗ್ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣಗೊಂಡು ಭಾರತ್ ಕೋಕಿಂಗ್ ಕೋಲ್ ಸಂಸ್ಥೆಯ ವಶಕ್ಕೆ ಬಂದಾಗ, 17.32 ಚದರ ಕಿಲೋಮೀಟರ್ ವ್ಯಾಪ್ತಿಯ 70 ಬೆಂಕಿಗಳೂ ಆಸ್ತಿಯೊಡನೆ ಬಂದವು. ಆ ಬಳಿಕ ಉತ್ಪಾದನೆಯ ಒತ್ತು ಸುರಂಗದಿಂದ ತೆರೆದ ಗಣಿಗೆ, ಅಂದರೆ ಮೇಲಿನ ಮಣ್ಣು-ಬಂಡೆಯನ್ನೆಲ್ಲ ಸರಿಸಿ ಬಯಲಿನಲ್ಲೇ ಕಲ್ಲಿದ್ದಲು ತೆಗೆಯುವ ವಿಧಾನಕ್ಕೆ, ವಾಲಿತು. ಉರಿಯುತ್ತಿರುವ ಕಲ್ಲಿದ್ದಲನ್ನು ಅಗೆದು ನೀರೆರಚಿ ಹೊರಸಾಗಿಸುವುದರಿಂದ ಬೆಂಕಿಯ ಆಹಾರವೇ ಇಲ್ಲವಾಗುತ್ತದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಉಪಗ್ರಹಗಳ ಉಷ್ಣಚಿತ್ರಗಳನ್ನು ಆಧರಿಸಿದ ಸಮೀಕ್ಷೆಗಳು ಬೆಂಕಿಯ ವ್ಯಾಪ್ತಿ ಬಹಳಷ್ಟು ಕುಗ್ಗಿರುವುದನ್ನು ತೋರಿಸಿವೆ. ಆದರೆ ಅದೇ ಅಗೆತ ಹಳೆಯ ಟೊಳ್ಳುಗಳನ್ನು ಗಾಳಿಗೆ ತೆರೆದಿಡುತ್ತದೆ, ಸ್ಫೋಟದ ಧೂಳನ್ನೂ ಮಣ್ಣಿನ ಗುಡ್ಡಗಳನ್ನೂ ವಸತಿಗಳ ಬಾಗಿಲಿಗೆ ತರುತ್ತದೆ. ಗಣಿಯಂಚಿನ ಬಸ್ತಿಗಳಲ್ಲಿ ಗೋಡೆ ಸೀಳುವುದು, ಮನೆಯ ನೆಲ ಬೆಚ್ಚಗಾಗುವುದು, ಮಳೆ ಬಿದ್ದಾಗ ಬಿರುಕುಗಳಿಂದ ಹಬೆ ಏಳುವುದು ಕುಸಿತದ ಮುನ್ಸೂಚನೆಗಳಾಗಿವೆ. ಬಿರುಕುಗಳಿಂದ ಹೊಮ್ಮುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್, ಗಂಧಕದ ಡೈಆಕ್ಸೈಡ್ ಸೇರಿರುತ್ತವೆ; ಕೋಕ್ ಕುಲುಮೆಗಳ ತ್ಯಾಜ್ಯನೀರು ಫೀನಾಲ್, ಅಮೋನಿಯಾಗಳನ್ನೂ, ಕಲ್ಲಿದ್ದಲು ತೊಳೆಯುವ ಘಟಕಗಳು ಕಪ್ಪು ರಾಡಿಯನ್ನೂ ದಾಮೋದರಕ್ಕೆ ಸೇರಿಸಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಗಾಳಿ, ನೀರು, ನೆಲಗಳನ್ನು ಒಟ್ಟಿಗೆ ಅಳೆಯುವ ಸೂಚ್ಯಂಕವನ್ನು ಪ್ರಕಟಿಸಿದಾಗ, 70 ಅಂಕ ಮೀರಿದ ತೀವ್ರ ಮಲಿನ ಪ್ರದೇಶಗಳ ಸಾಲಿನಲ್ಲಿ ಧನಬಾದ್ ಇತ್ತು. ಅದೇ ಸಾಲಿನಲ್ಲಿ ಮಂಗಳೂರೂ ಭದ್ರಾವತಿಯೂ ಇದ್ದವು.

ಬೆಂಕಿಗೆ ಆಹುತಿಯಾದ ಕಲ್ಲಿದ್ದಲು ಸುಮಾರು 3.7 ಕೋಟಿ ಟನ್ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು. ಉಕ್ಕಿನ ಕಾರ್ಖಾನೆಗಳಿಗಾಗಿ ಆಸ್ಟ್ರೇಲಿಯಾದಿಂದ ಕೋಕಿಂಗ್ ಕಲ್ಲಿದ್ದಲು ತರಿಸುವ ದೇಶದ ಪಾಲಿಗೆ ಇದು ಸಣ್ಣ ನಷ್ಟವಲ್ಲ. ಆದರೂ ಇದಕ್ಕಿಂತ ಆಳವಾದ ಪ್ರಶ್ನೆ ಹಣ ಹರಿದ ದಿಕ್ಕಿನದು. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಜಾರಿಯಲ್ಲಿದ್ದ, ದೂರ ಎಷ್ಟೇ ಇದ್ದರೂ ಕಲ್ಲಿದ್ದಲು-ಉಕ್ಕುಗಳ ಸಾಗಣೆ ದರ ಒಂದೇ ಆಗುವಂತೆ ಮಾಡಿದ ಸಾಗಣೆ ವೆಚ್ಚ ಸಮೀಕರಣ ನೀತಿಯಿಂದ, ಖನಿಜವಿರುವ ನೆಲಕ್ಕೆ ಸಹಜವಾಗಿ ದಕ್ಕಬೇಕಿದ್ದ ಕೈಗಾರಿಕಾ ಅನುಕೂಲ ದೂರದ ಕರಾವಳಿ ರಾಜ್ಯಗಳಿಗೆ ಸಂದಿತು. 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿಯಂತೆ ಆರಂಭವಾಗಿ 2016ರಲ್ಲಿ 400 ರೂಪಾಯಿಗೆ ಏರಿದ ಶುದ್ಧ ಇಂಧನದ ಸೆಸ್, 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್‌ನ ರೂಪ ತಾಳಿ, ರಾಜ್ಯಗಳ ತೆರಿಗೆ ಖೋತಾ ತುಂಬುವ ಬಾಬ್ತಾಯಿತು. ಕಲ್ಲಿದ್ದಲಿನ ಹೆಸರಿನಲ್ಲಿ ವಸೂಲಾದ ಹಣಕ್ಕೂ ಕಲ್ಲಿದ್ದಲಿನ ನೆಲಕ್ಕೂ ಸಂಬಂಧ ಉಳಿಯಲಿಲ್ಲ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಮಾತ್ರ, ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಅದರ ಒಂದಂಶದಷ್ಟು ಹೆಚ್ಚುವರಿಯಾಗಿ ತೆರುವ ಹಣವನ್ನು ಗಣಿ ಜಿಲ್ಲೆಯಲ್ಲೇ ಉಳಿಸುತ್ತವೆ. ಬಳ್ಳಾರಿಯ ಕಬ್ಬಿಣದ ಅದಿರಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿ, ಬಳಿಕ ಅದಿರು ಮಾರಾಟದ ಹಣದಿಂದಲೇ ಒಂದು ಭಾಗವನ್ನು ಪರಿಸರ ಪುನಶ್ಚೇತನಕ್ಕೆ ತೆಗೆದಿರಿಸಿತು. ಆ ಹಣದ ಬಳಕೆ ಎಷ್ಟೇ ತಡವಾಗಿದ್ದರೂ, ವೆಚ್ಚವನ್ನು ಸರಕಿನ ಬೆಲೆಗೇ ಕಟ್ಟಿದ ಆ ಕ್ರಮ ಝರಿಯಾಕ್ಕೆ ದೊರೆಯಲಿಲ್ಲ.

ಝರಿಯಾಕ್ಕೆ ದೊರೆತದ್ದು ಸ್ಥಳಾಂತರ. ಆಗ ಸಂಸದರಾಗಿದ್ದ ಹರಾಧನ್ ರಾಯ್ 1997ರಲ್ಲಿ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಹಿನ್ನೆಲೆಯಲ್ಲಿ ರೂಪುಗೊಂಡು 2009ರ ಆಗಸ್ಟ್‌ನಲ್ಲಿ ಮಂಜೂರಾದ ಝರಿಯಾ ಮಾಸ್ಟರ್ ಪ್ಲ್ಯಾನ್ 7,112.11 ಕೋಟಿ ರೂಪಾಯಿಯದಾಗಿದ್ದು, 2021ರಲ್ಲಿ ಅದರ ಅವಧಿ ಮುಗಿದಾಗ ಕೆಲಸದ ಬಹುಭಾಗ ಬಾಕಿಯಿತ್ತು. ಸ್ಥಳಾಂತರಕ್ಕೆಂದು ಬೆಲ್ಗಡಿಯಾದಲ್ಲಿ ಕಟ್ಟಿದ ಬಹುಮಹಡಿ ಮನೆಗಳಿಗೆ ಹೋಗಲು ಜನ ಹಿಂಜರಿದುದನ್ನು ಹಟಮಾರಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಗಣಿಯಂಚಿನ ಕುಟುಂಬವೊಂದು ಬೆಳಗಿನ ಜಾವ ಕಲ್ಲಿದ್ದಲು ಆಯ್ದು, ಅದನ್ನು ಬಯಲಿನಲ್ಲಿ ಅರೆಬರೆ ಸುಟ್ಟು ಅಡುಗೆ ಒಲೆಯ ಇಂಧನವಾಗಿಸಿ, ಚೀಲಗಳಲ್ಲಿ ತುಂಬಿ ಸೈಕಲ್ಲಿನ ಎರಡೂ ಬದಿಗೆ ಬಿಗಿದು, ಏರಿ ಕೂರಲಾಗದ ಎರಡು ಕ್ವಿಂಟಲ್ ಹೊರೆಯನ್ನು ಮೈಲುಗಟ್ಟಲೆ ತಳ್ಳಿಕೊಂಡು ಹೋಗಿ ಮಾರುತ್ತದೆ. ಕಾನೂನಿನ ಕಣ್ಣಿಗೆ ಕಳವಾದ ಈ ದುಡಿಮೆ ಯಾವ ಪುನರ್ವಸತಿ ಲೆಕ್ಕದಲ್ಲೂ ಆದಾಯವೆಂದು ದಾಖಲಾಗುವುದಿಲ್ಲ. ಬೆಂಕಿಯಿಂದ ದೂರವಾದ ಮನೆ ಈ ಆದಾಯದಿಂದಲೂ ದೂರವಾಗಿತ್ತು. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿದ 5,940.47 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ, ಹಕ್ಕುಪತ್ರವಿಲ್ಲದ ಕುಟುಂಬಗಳಿಗೂ ಸೇರಿದಂತೆ ತಲಾ 1 ಲಕ್ಷ ರೂಪಾಯಿಯ ಜೀವನೋಪಾಯ ಅನುದಾನವನ್ನೂ 3 ಲಕ್ಷದವರೆಗಿನ ಸಾಲದ ನೆರವನ್ನೂ ಸೇರಿಸಿಕೊಂಡು, ಈ ಲೋಪವನ್ನು ಒಪ್ಪಿಕೊಂಡಂತಿದೆ. ಅನುದಾನದ ಮಾತು ಹಾಗಿರಲಿ, ಸಾಲದ ಕಂತನ್ನು ತೀರಿಸಲು ಬೆಲ್ಗಡಿಯಾದ ಸುತ್ತಮುತ್ತ ನಿತ್ಯದ ಕೂಲಿ ಎಲ್ಲಿಂದ ಹುಟ್ಟಬೇಕೆಂಬುದನ್ನು ಯೋಜನೆಯ ಕೌಶಲ ತರಬೇತಿಗಳು ಇನ್ನಷ್ಟೇ ತೋರಿಸಿಕೊಡಬೇಕಿದೆ.